ಹೆಸರಿಗಾಗಿ ಬಿಟ್ಟ ಜಾಗ

ರಸ್ತೆ ಇಲಾಖೆಯಲ್ಲಿ ಅವನ ಹುದ್ದೆಗೆ ಉದ್ದನೆಯ ಹೆಸರೊಂದಿತ್ತು. ಸಂಬಳದ ಚೀಟಿಯಲ್ಲಿ ಬಿಟ್ಟರೆ ಅದನ್ನು ಬೇರೆಲ್ಲೂ ಯಾರೂ ಬಳಸಿದ್ದಿಲ್ಲ. ಊರಿಗೆಲ್ಲ ಅವನು ಬೋರ್ಡಣ್ಣ. ಅವನಿಗಿಂತ ಹಿರಿಯರೂ ಅವನನ್ನು ಅಣ್ಣ ಎನ್ನುತ್ತಿದ್ದರು, ಆ ಹೆಸರು ಅಷ್ಟರಮಟ್ಟಿಗೆ ಅಂಟಿಕೊಂಡಿತ್ತು. ಮುಂದೆ ತಿರುವಿದೆ, ನಿಧಾನವಾಗಿ ಚಲಿಸಿ, ಇಲ್ಲಿ ಕಸ ಹಾಕಬೇಡಿ ಎಂದು ರಸ್ತೆಯ ಪಕ್ಕದಲ್ಲಿ ಏನೇ ಬರೆದಿದ್ದರೂ ಅದು ಅವನ ಕೈಬರಹ. ಅವೆಲ್ಲ ಹೊಟ್ಟೆಪಾಡಿಗೆ. ಅವನ ಜೀವವಿದ್ದದ್ದು ಚರಿತ್ರೆಯ ಫಲಕಗಳಲ್ಲಿ.

ಊರಿನಿಂದ ಹೊರಟು, ನದಿಯನ್ನು ದಾಟಿ, ರೈಲ್ವೆ ಜಂಕ್ಷನ್ನಿನ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಅಂಥ ಫಲಕಗಳು ಅಲ್ಲಲ್ಲಿ ನಿಂತಿದ್ದವು. ಎರಡು ಕಬ್ಬಿಣದ ಕಂಬ, ನಡುವೆ ಹಸಿರು ಬಳಿದ ತಗಡು, ಅದರ ಮೇಲೆ ಬಿಳಿ ಅಕ್ಷರ. ಒಂದರಲ್ಲಿ, ಇಲ್ಲಿ ಹಿಂದೆ ಸುಂಕದ ಕಟ್ಟೆ ಇತ್ತು ಎಂದು. ಇನ್ನೊಂದರಲ್ಲಿ, ಯುದ್ಧಕ್ಕೆ ಹೊರಟ ಸೈನ್ಯವೊಂದು ಈ ಬಯಲಿನಲ್ಲಿ ತಂಗಿತ್ತು ಎಂದು. ಮತ್ತೊಂದರಲ್ಲಿ, ಈ ಭಾಗಕ್ಕೆ ಬಂದ ಮೊಟ್ಟಮೊದಲ ಸೈಕಲ್ಲು ಈ ಇಳಿಜಾರಿನಲ್ಲೇ ಬಿತ್ತು ಎಂದು. ಕಾರಿನಲ್ಲಿ ಹೋಗುವವರು ಅವನ್ನು ಓದುತ್ತಿರಲಿಲ್ಲ. ನಿಲ್ಲಿಸುವವರು ನಿಲ್ಲಿಸುತ್ತಿದ್ದದ್ದು ಬೇರೆ ಕೆಲಸಕ್ಕೆ. ಆದರೂ ಆ ಕೆಲಸ ಮುಗಿಯುವ ತನಕ ಮುಖ ಫಲಕದ ಕಡೆಗೇ ಇರುತ್ತಿದ್ದುದರಿಂದ ಅಷ್ಟಿಷ್ಟು ಚರಿತ್ರೆ ತಿಳಿದುಕೊಂಡೇ ಹೋಗುತ್ತಿದ್ದರು.

ಬೋರ್ಡಣ್ಣ ಮಾತ್ರ ಓದುತ್ತಿದ್ದದ್ದಷ್ಟೇ ಅಲ್ಲ, ಅದರ ಮೇಲೆ ತಲೆ ಕೆಡಿಸಿಕೊಳ್ಳುತ್ತಿದ್ದ. ತುಕ್ಕನ್ನು ತಂತಿಯ ಬ್ರಶ್ಶಿನಿಂದ ಉಜ್ಜುವುದು, ಕೆಂಪು ಪ್ರೈಮರ್ ಬಳಿಯುವುದು, ಅದು ಒಣಗಿದ ಮೇಲೆ ಹಸಿರು, ಹಸಿರು ಒಣಗಿದ ಮೇಲೆ ಸುಣ್ಣದ ದಾರ ಹಿಡಿದು ಗೆರೆ. ಒಣಗಲು ಕಾಯುವ ಹೊತ್ತು ಬೇಕಾದಷ್ಟು. ಆ ಹೊತ್ತಿನಲ್ಲಿ ಬೇರೆಯವರಾದರೆ ಮರದ ನೆರಳಲ್ಲಿ ಒಂದು ನಿದ್ದೆ ತೆಗೆಯುತ್ತಿದ್ದರು. ಇವನು ಬಯಲಿಗಿಳಿದು, ಅಷ್ಟು ಸೈನಿಕರಿಗೆ ನೀರು ಎಲ್ಲಿಂದ ಬಂದಿರಬಹುದು ಎಂದು ಹುಡುಕುತ್ತಿದ್ದ. ಸೈಕಲ್ಲಿನಿಂದ ಬಿದ್ದವನಿಗೆ ಪೆಟ್ಟಾಯಿತೇ, ಯಾರು ಎತ್ತಿದರು ಎಂದು ಅಕ್ಕಪಕ್ಕದ ಮನೆಗಳಲ್ಲಿ ವಿಚಾರಿಸುತ್ತಿದ್ದ. ನೂರಾರು ವರ್ಷದ ಹಿಂದಿನ ವಿಷಯವನ್ನು ನಿನ್ನೆ ಮೊನ್ನೆಯದರಂತೆ ಕೇಳುವ ಇವನನ್ನು ನೋಡಿ ಜನ ನಗುತ್ತಿದ್ದರು, ಚಹಾ ಕೊಡುತ್ತಿದ್ದರು.

"ಸತ್ತೋರ ವಿಷಯ ಅಂದ್ರೆ ಇವರಿಗೆ ಊಟಾನೂ ಬೇಡ. ಬದುಕಿರೋ ನಾನು ಗ್ಯಾಸ್ ಮುಗೀತು ಅಂದ್ರೆ ಮಾತ್ರ ಕಿವಿ ಕೇಳ್ಸಲ್ಲ" ಎಂದು ಅವನ ಹೆಂಡತಿ ಬಂದವರೆದುರಿಗೆಲ್ಲ ಹೇಳುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅವನನ್ನು ಅತಿ ಹೆಚ್ಚು ಕಾಡಿದ್ದು ಹಳೆ ಸೇತುವೆಯ ಹತ್ತಿರದ ಫಲಕ. ಅದರಲ್ಲಿ ಹೀಗಿತ್ತು: ‘ಪ್ರವಾಹದಲ್ಲಿ ಸೇತುವೆ ಕೊಚ್ಚಿಹೋದ ಮುಂಜಾನೆ’ ಎಂದು ಶುರುವಾಗಿ, ಆಮೇಲೆ ಒಂದು ಗೇಣು ಖಾಲಿ ಜಾಗ, ಆಮೇಲೆ ‘ಎಂಬ ಹೆಂಗಸು ಇಲ್ಲಿಗೆ ಓಡಿಬಂದು, ಕೆಂಪು ಬಟ್ಟೆ ಬೀಸಿ, ಬಸ್ಸನ್ನು ತಡೆದು, ಪ್ರಯಾಣಿಕರೆಲ್ಲರ ಪ್ರಾಣ ಉಳಿಸಿದಳು’ ಎಂದು. ಆ ಹೆಂಗಸು ಯಾರೆಂದು ಫಲಕ ನೆಟ್ಟವರಿಗೆ ತಿಳಿದಿರಲಿಲ್ಲ. ಬಸ್ಸಿನಲ್ಲಿದ್ದವರೆಲ್ಲ ಬೇರೆ ಬೇರೆ ಊರಿನವರು. ಮಂಜು ಕವಿದಿತ್ತು, ಅವಳು ತಲೆಗೆ ಶಾಲು ಸುತ್ತಿದ್ದಳು, ಗದ್ದಲದಲ್ಲಿ ಯಾವಾಗ ಹೊರಟುಹೋದಳೋ ಯಾರೂ ಗಮನಿಸಲಿಲ್ಲ. ಅವನಿಗೆ ಕೆಲಸ ಕಲಿಸಿದ ಹಳೆಯ ಮೇಸ್ತ್ರಿ, ಹೆಸರು ಗೊತ್ತಿಲ್ಲದಿದ್ದರೆ ಜಾಗ ಬಿಡಬೇಕು, ಸಿಕ್ಕಾಗ ತುಂಬಿಸಬೇಕು ಎನ್ನುವ ಪದ್ಧತಿಯವನು. ಇದ್ದ ಅಕ್ಷರಕ್ಕಿಂತ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ ಎಂಬುದು ಅವನ ಕಟ್ಟುನಿಟ್ಟು. ಹೀಗಾಗಿ ಬೋರ್ಡಣ್ಣ ಪ್ರತಿ ಸಲ ಬಣ್ಣ ಬಳಿಯುವಾಗಲೂ ಆ ಖಾಲಿ ಜಾಗವನ್ನು ಅಷ್ಟೇ ಜೋಪಾನವಾಗಿ ಖಾಲಿ ಬಿಡುತ್ತಿದ್ದ. ಖಾಲಿ ಜಾಗ ಕಂಡರೆ ಸುಮ್ಮನಿರುವ ಜನ ಎಲ್ಲಿದ್ದಾರೆ? ಪ್ರೇಮಿಗಳು ಅದರಲ್ಲಿ ತಮ್ಮ ಹುಡುಗಿಯರ ಹೆಸರು ಬರೆಯುತ್ತಿದ್ದರು. ಒಮ್ಮೆ ಯಾರೋ ತಮ್ಮ ಶಾಲೆಯ ಗಣಿತದ ಮೇಡಂ ಹೆಸರು ಬರೆದಿದ್ದರು. ಇವನು ಟರ್ಪೆಂಟೈನ್ ಹಚ್ಚಿದ ಬಟ್ಟೆಯಿಂದ ಒರೆಸುತ್ತಿದ್ದ, ಒರೆಸುವ ಮೊದಲು ಆ ಹೆಸರು ಅಲ್ಲಿ ಹಿಡಿಸುತ್ತದೆಯೇ ಎಂದು ನೋಡುತ್ತಿದ್ದ.

ಆ ರಸ್ತೆಯಲ್ಲಿ ಅಜ್ಜಿಯಿಲ್ಲದ ಮನೆಯಿರಲಿಲ್ಲ, ಬಸ್ಸು ನಿಲ್ಲಿಸದ ಅಜ್ಜಿಯೂ ಇರಲಿಲ್ಲ. ಒಬ್ಬಳು ಕೆಂಪು ರವಿಕೆ ಬೀಸಿದೆ ಎಂದರೆ ಇನ್ನೊಬ್ಬಳು ಕೆಂಪು ಕಂಬಳಿ ಎನ್ನುತ್ತಿದ್ದಳು. ಒಬ್ಬಳಂತೂ ಬಸ್ಸಿನ ಮುಂದೆ ಅಡ್ಡ ಮಲಗಿಬಿಟ್ಟಿದ್ದಳು. ಬೋರ್ಡಣ್ಣ ಎಲ್ಲವನ್ನೂ ಕೇಳುತ್ತಿದ್ದ, ಯಾವುದನ್ನೂ ನಂಬುತ್ತಿರಲಿಲ್ಲ. ಅವನ ತಲೆಯಲ್ಲಿ ಬೇರೆಯೇ ಹುಳ ಹೊಕ್ಕಿತ್ತು. ಫಲಕದ ಎದುರು ನಿಂತು ನೋಡಿದರೆ ಸೇತುವೆ ಕಾಣುವುದಿಲ್ಲ. ರಸ್ತೆ ಅಲ್ಲಿ ಗುಡ್ಡದ ಬದಿಗೆ ಹೊರಳುತ್ತದೆ, ನದಿ ಇರುವುದು ಹೊರಳಿನ ಆಚೆಗೆ. ಅಲ್ಲಿ ಒಂದು ಮನೆಯೂ ಇರಲಿಲ್ಲ, ಇವತ್ತಿಗೂ ಇಲ್ಲ. ಹಾಗಾದರೆ ಸೇತುವೆ ಬಿದ್ದದ್ದು ಅವಳಿಗೆ ಹೇಗೆ ಗೊತ್ತಾಯಿತು? ಬೆಳಕು ಹರಿಯುವ ಮೊದಲೇ, ಆ ಮಳೆಯಲ್ಲಿ, ಯಾರೂ ಇಲ್ಲದ ಆ ಜಾಗದಲ್ಲಿ ಅವಳು ಏನು ಮಾಡುತ್ತಿದ್ದಳು?

ಇದನ್ನು ಅವನು ಒಮ್ಮೆ ಅಮ್ಮನ ಹತ್ತಿರವೂ ಕೇಳಿದ್ದ. ಅವನು ಚಿಕ್ಕವನಿದ್ದಾಗ ಅವರ ಮನೆ ಅದೇ ರಸ್ತೆಯಲ್ಲಿ, ಆ ತಿರುವಿಗೆ ಮೊದಲಿನ ಬಸ್ ನಿಲ್ದಾಣದ ಪಕ್ಕದಲ್ಲಿತ್ತು. ಅಪ್ಪ ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅಮ್ಮ ಕೈಚಕ್ರದ ಹೊಲಿಗೆ ಯಂತ್ರ ಇಟ್ಟುಕೊಂಡು ಸುತ್ತಮುತ್ತಲಿನವರಿಗೆಲ್ಲ ಬಟ್ಟೆ ಹೊಲಿಯುತ್ತಿದ್ದಳು. ಅಪ್ಪ ತೀರಿಕೊಂಡು, ಮನೆ ಊರೊಳಕ್ಕೆ ಬಂದು, ಕಣ್ಣಿಗೆ ದಪ್ಪ ಕನ್ನಡಕ ಬಂದರೂ ಅಮ್ಮ ಆ ಯಂತ್ರವನ್ನು ಬಿಟ್ಟಿರಲಿಲ್ಲ. ಮಗನ ಪ್ರಶ್ನೆಗೆ ಅವಳು ತಲೆಯನ್ನೂ ಎತ್ತದೆ, ತನಗೇನು ಗೊತ್ತು, ತಾನು ಆವತ್ತು ಒಲೆ ಮುಂದೆ ಇದ್ದೆ ಎಂದಳು. ಇಡೀ ರಸ್ತೆಯಲ್ಲಿ ಬಸ್ಸು ನಿಲ್ಲಿಸಲಿಲ್ಲ ಎಂದು ಒಪ್ಪಿಕೊಂಡ ಹೆಂಗಸು ಅವಳೊಬ್ಬಳೇ. ಅದು ಅವನಿಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಹೊರಗಿನದೆಲ್ಲ ಕೆದಕುವವರಿಗೆ ಮನೆಯೊಳಗಿನದು ಕಾಣುವುದು ಕಡಿಮೆ.

ಹೀಗಿರುವಾಗ ಇಲಾಖೆಗೆ ಹೊಸ ಎಂಜಿನಿಯರ್ ಬಂದಳು. ಚಿಕ್ಕ ವಯಸ್ಸಿನವಳು, ಮಾತು ಕಡಿಮೆ, ನೋಡುವುದು ಜಾಸ್ತಿ. ತಗಡಿನ ಫಲಕಗಳನ್ನು ತೆಗೆದು ಕಲ್ಲಿನವನ್ನು ನೆಡಬೇಕೆಂದು ಆದೇಶ ಬಂದಿತ್ತು. ಅವಳು ಬೋರ್ಡಣ್ಣನನ್ನು ಕೂರಿಸಿಕೊಂಡು ಒಂದೊಂದೇ ಫಲಕದ ವಿಷಯ ಕೇಳಿದಳು. ಸೇತುವೆಯದರ ಹತ್ತಿರ ಬಂದಾಗ, ಬಣ್ಣವಾದರೆ ಜಾಗ ಬಿಡಬಹುದು, ಕೆತ್ತಿದ ಕಲ್ಲಿನಲ್ಲಿ ಖಾಲಿ ಬಿಟ್ಟರೆ ಕೆತ್ತುವವನು ಮರೆತ ಹಾಗೆ ಕಾಣುತ್ತದೆ ಎಂದಳು. ಪೆಟ್ರೋಲ್ ಬಂಕಿನ ಮಾಲೀಕರು ಆ ಕಲ್ಲನ್ನು ತಾವೇ ಕೊಡಿಸುವುದಾಗಿ ಹೇಳಿದ್ದರು. ಬಸ್ಸು ನಿಲ್ಲಿಸಿದ್ದು ತಮ್ಮ ಅಜ್ಜಿ ಎಂದೂ, ಅವರ ಹೆಸರು ಹಾಕಿದರೆ ಸಂತೋಷ ಎಂದೂ ಬರೆದುಕೊಟ್ಟಿದ್ದರು.

"ನಿಮಗೆ ಈ ರಸ್ತೆ ಗೊತ್ತು. ವಿಚಾರಿಸಿ ನೋಡಿ" ಎಂದಳು ಎಂಜಿನಿಯರಮ್ಮ. "ಬೇರೆ ಹೆಸರು ಸಿಕ್ಕದಿದ್ರೆ ಅವರ ಅಜ್ಜಿ ಹೆಸರೇ ಹಾಕ್ಬೇಕಾಗುತ್ತೆ. ಕಲ್ಲಿನ ಮೇಲೆ ಒಂದ್ಸಲ ಬಿದ್ರೆ ಅದೇ ನಿಜ ಆಗುತ್ತೆ, ನೋಡಿ."

ಬಂಕಿನ ಮಾಲೀಕರು ಕೆಟ್ಟವರೇನಲ್ಲ. ಅಜ್ಜಿಯ ತೊಡೆಯ ಮೇಲೆ ಕೂತು ಕೇಳಿದ ಕಥೆಯನ್ನು ನಂಬಿ ಬೆಳೆದವರು. ಅಡ್ಡ ಮಲಗಿದ ಅಜ್ಜಿ ಅವರದೇ. ಆದರೆ ಇಷ್ಟು ವರ್ಷ ತಾನು ಕಾದುಕೊಂಡು ಬಂದ ಜಾಗದಲ್ಲಿ ತಪ್ಪು ಹೆಸರು ಕೂರುತ್ತದೆ ಎಂದರೆ ಬೋರ್ಡಣ್ಣನಿಗೆ ಅನ್ನ ಇಳಿಯದಾಯಿತು. ಆ ಹೆಂಗಸು ಯಾರೋ ಏನೋ, ಅವಳ ಉಪಕಾರ ಇನ್ನೊಬ್ಬರ ಲೆಕ್ಕಕ್ಕೆ ಹೋಗಬಾರದು. ಅವನು ರಜೆ ಹಾಕಿ ಹುಡುಕಲು ಹೊರಟ.

ಆ ಬಸ್ಸಿನ ಡ್ರೈವರ್, ಕಂಡಕ್ಟರ್ ಇಬ್ಬರೂ ತೀರಿಕೊಂಡಿದ್ದಾರೆ ಎಂದೇ ಎಲ್ಲರೂ ಹೇಳುತ್ತ ಬಂದಿದ್ದರು. ಬಸ್ ಡಿಪೋದ ಕಾವಲುಗಾರನನ್ನು ಮಾತಿಗೆಳೆದಾಗ ತಿಳಿಯಿತು, ತೀರಿಕೊಂಡದ್ದು ಡ್ರೈವರ್ ಮಾತ್ರ. ಕಂಡಕ್ಟರ್ ಪಕ್ಕದ ಊರಿನಲ್ಲಿ, ಮಗಳ ಮನೆಯಲ್ಲಿ, ಗುಂಡುಕಲ್ಲಿನ ಹಾಗಿದ್ದಾನೆ. ಅವನು ಸತ್ತಿಲ್ಲ ಎಂಬುದು ಯಾರಿಗೂ ತಿಳಿಯದೆ ಇದ್ದದ್ದಕ್ಕೆ ಕಾರಣ, ಅವನನ್ನು ಯಾರೂ ವಿಚಾರಿಸದೆ ಇದ್ದದ್ದು, ಅಷ್ಟೇ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮುದುಕ ಕೂತಿದ್ದ. ಕೆಳಗೆ ಬಸ್ಸು ಹೋದಾಗಲೆಲ್ಲ ಮಾತು ನಿಲ್ಲಿಸಿ, ಒಳಗೆ ಎಷ್ಟು ಜನ ಇದ್ದಾರೆಂದು ಕಣ್ಣಲ್ಲೇ ಅಂದಾಜು ಹಾಕಿ, ಮತ್ತೆ ಮಾತು ಮುಂದುವರಿಸುತ್ತಿದ್ದ. ಹಳೆ ಸೇತುವೆ ಎಂದ ಕೂಡಲೇ ಅವನ ಮುಖ ಅರಳಿತು. ಫಲಕದಲ್ಲಿ ಏನು ಬರೆದಿದೆ ಎಂದು ಕೇಳಿದ. ಬೋರ್ಡಣ್ಣ ಒಪ್ಪಿಸಿದ. ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ.

"ಓಡಿ ಬರಲೂ ಇಲ್ಲ, ಬಟ್ಟೆ ಬೀಸಲೂ ಇಲ್ಲ" ಎಂದ. "ರಸ್ತೆ ನಡುವೆ ಕೊಡೆ ಅಡ್ಡ ಹಿಡಿದು ನಿಂತಿದ್ಳು. ಬ್ರೇಕ್ ಹಾಕಿದ ಏಟಿಗೆ ಎಲ್ಲರ ಹಣೆನೂ ಮುಂದಿನ ಸೀಟಿಗೆ ಬಡೀತು. ಬಾಗಿಲು ತೆಗೆದು ಬೈಯೋಣ ಅಂತ ಬಾಯಿ ತೆಗೆದ್ರೆ, ಜಂಕ್ಷನ್‌ಗೆ ಒಂದು ಟಿಕೆಟ್ ಕೊಡಿ ಅಂದ್ಳು."

ಬೋರ್ಡಣ್ಣನಿಗೆ ಅರ್ಥವಾಗಲಿಲ್ಲ. ಮುದುಕ ಬಿಡಿಸಿ ಹೇಳಿದ. ಅವಳಿಗೆ ಸೇತುವೆಯ ಗೊಡವೆಯೇ ಇರಲಿಲ್ಲ. ಅವಳು ಬಸ್ಸು ಹತ್ತಲು ಬಂದವಳು. ನಿಲ್ದಾಣವಲ್ಲದ ಕಡೆ ಬಸ್ಸು ನಿಲ್ಲುವುದಿಲ್ಲ, ಅದಕ್ಕೇ ಅಡ್ಡ ನಿಂತಿದ್ದಳು. ಕೈಯಲ್ಲಿ ಮರದ ಪೆಟ್ಟಿಗೆಯೊಂದಿತ್ತು, ಅದರೊಳಗೆ ಹೊಲಿಗೆ ಯಂತ್ರ. ಕಂಡಕ್ಟರ್ ಅದನ್ನು ಮೇಲೆತ್ತಲು ಹೋದಾಗ ಹಿಡಿ ಕಿತ್ತುಬಂದು ಪೆಟ್ಟಿಗೆ ಅವನ ಕಾಲ ಮೇಲೆ ಬಿತ್ತು. ಹೇಗೂ ಬಸ್ಸು ನಿಂತಿದೆಯಲ್ಲ ಎಂದು ಪ್ರಯಾಣಿಕನೊಬ್ಬ ದೇಹಬಾಧೆ ತೀರಿಸಿಕೊಳ್ಳಲು ಇಳಿದ. ಹೆಂಗಸರಿಗೆ ಕಾಣಬಾರದೆಂದು ಮರ್ಯಾದಸ್ಥ ಮನುಷ್ಯ ತಿರುವಿನ ಆಚೆಗೆ ನಡೆದ. ಅವನು ಬರುವವರೆಗೆ ಕಂಡಕ್ಟರ್ ತನ್ನ ಟಿಕೆಟ್ ಚೀಲದ ಚರ್ಮದ ಪಟ್ಟಿಯನ್ನು ಬಿಚ್ಚಿ, ಹಿತ್ತಾಳೆಯ ಬಳೆಯ ಸಮೇತ ಆ ಪೆಟ್ಟಿಗೆಗೆ ಹಿಡಿಯ ಹಾಗೆ ಬಿಗಿದುಕೊಟ್ಟ. ಅಷ್ಟರಲ್ಲಿ ಇಳಿದವನು ಪ್ಯಾಂಟು ಹಿಡಿದುಕೊಂಡು ಓಡೋಡಿ ಬಂದ. ಆಚೆಗೆ ಸೇತುವೆಯೇ ಇಲ್ಲ ಎಂದ. ಆಗ ಸುದ್ದಿ ಬರೆಯಲು ಬಂದ ಪತ್ರಿಕೆಯವನಿಗೆ ಇದನ್ನೆಲ್ಲ ಹೇಳಿದ್ದೆ, ಹೊಲಿಗೆ ಯಂತ್ರ ಬಂದರೆ ಕಥೆ ಕೆಡುತ್ತದೆ ಎಂದು ಅವನು ಬಿಟ್ಟುಬಿಟ್ಟ, ಪ್ಯಾಂಟು ಹಿಡಿದವನಂತೂ ಬೇಡವೇ ಬೇಡ ಎಂದ, ಎಂದು ಮುದುಕ ಇನ್ನೊಮ್ಮೆ ನಕ್ಕ.

ಬೋರ್ಡಣ್ಣ ನಗಲಿಲ್ಲ. ಚರ್ಮದ ಪಟ್ಟಿ, ಹಿತ್ತಾಳೆಯ ಬಳೆ ಎಂದಲ್ಲೇ ಅವನ ಮನಸ್ಸು ನಿಂತುಬಿಟ್ಟಿತ್ತು. ಅಮ್ಮನ ಯಂತ್ರದ ಪೆಟ್ಟಿಗೆಗೆ ಇದ್ದದ್ದು ಅಂಥದೇ ಹಿಡಿ. ಚಿಕ್ಕವನಿದ್ದಾಗ ಆ ಬಳೆಗೆ ಬೆರಳು ತೂರಿಸಿ, ಸಿಕ್ಕಿಹಾಕಿಕೊಂಡು, ಸೋಪು ಹಚ್ಚಿ ಬಿಡಿಸಿಕೊಂಡದ್ದು ಅವನಿಗೆ ನೆನಪಿತ್ತು. ಚಹಾದ ಲೋಟ ಕೆಳಗಿಟ್ಟು, ಅವಳು ಆಮೇಲೆ ಏನು ಮಾಡಿದಳು ಎಂದು ಕೇಳಿದ.

ಎಲ್ಲರೂ ಅವಳನ್ನು ಸುತ್ತುಗಟ್ಟಿದರಂತೆ. ಕೈ ಹಿಡಿದುಕೊಂಡು ಅತ್ತವರುಂಟು, ತಬ್ಬಿಕೊಂಡವರುಂಟು. ಬಸ್ಸು ಹಿಂದಕ್ಕೆ ತಿರುಗಿತು. ಸುತ್ತುಬಳಸಿನ ಇನ್ನೊಂದು ದಾರಿಯಿತ್ತು, ಅದರಲ್ಲಿ ಹೋದರೂ ಸಂಜೆಯೊಳಗೆ ಜಂಕ್ಷನ್ ಮುಟ್ಟಬಹುದಿತ್ತು. "ಬಾ ತಾಯಿ, ನಿನಗೆ ಟಿಕೆಟ್ಟೂ ಬೇಡ, ಏನೂ ಬೇಡ ಅಂದೆ. ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ಳು. ತೆಗೆದ್ಳು. ಪೆಟ್ಟಿಗೆ ಹೊತ್ಕೊಂಡು ಮಂಜಲ್ಲಿ ಹೊರಟೇಹೋದ್ಳು." ಕೆಳಗೆ ಬಸ್ಸೊಂದು ಹೋಯಿತು. ಮುದುಕ ಅದನ್ನು ನೋಡಲೂ ಇಲ್ಲ.

ವಾಪಸು ಬರುವ ದಾರಿಯುದ್ದಕ್ಕೂ ಬೋರ್ಡಣ್ಣ ತಾನೇ ಬರೆದ ಫಲಕಗಳನ್ನು ಕಿಟಕಿಯಿಂದ ನೋಡಿದ, ಒಂದನ್ನೂ ಓದಲಿಲ್ಲ. ಪ್ರವಾಹದ ವರ್ಷ ತನಗೆ ಎರಡು ತುಂಬಿ ಮೂರರಲ್ಲಿ ನಡೆಯುತ್ತಿತ್ತು ಎಂಬುದನ್ನು ಮತ್ತೆ ಮತ್ತೆ ಲೆಕ್ಕ ಹಾಕಿದ. ಎಷ್ಟು ಸಲ ಹಾಕಿದರೂ ಅಷ್ಟೇ ಬಂತು. ಒಂದು ಟಿಕೆಟ್ ಎಂದಿದ್ದಳು. ಎರಡು ವರ್ಷದ ಮಗುವಿಗೆ ಟಿಕೆಟ್ ಬೇಕಿಲ್ಲ, ಅದಕ್ಕೇ ಒಂದು ಕೇಳಿರಬಹುದು ಎಂದು ಸ್ವಲ್ಪ ದೂರದವರೆಗೆ ಸಮಾಧಾನ ಮಾಡಿಕೊಂಡ. ಆದರೆ ಕಂಡಕ್ಟರ್ ಮಗುವಿನ ಮಾತೇ ಎತ್ತಿರಲಿಲ್ಲ. ಹಿಡಿಯ ಬಳೆಯನ್ನು ಮರೆಯದವನು ಮಗುವನ್ನು ಮರೆಯುತ್ತಾನೆಯೇ?

ಮನೆಯ ಮುಂದಿನ ಕೋಣೆಯಲ್ಲಿ ಅಮ್ಮ ಶಾಲೆಯ ಸಮವಸ್ತ್ರಗಳ ಅಂಚು ಹೊಲಿಯುತ್ತಿದ್ದಳು. ಯಂತ್ರದ ಪೆಟ್ಟಿಗೆ ಗೋಡೆಯ ಪಕ್ಕದಲ್ಲಿತ್ತು. ಬೋರ್ಡಣ್ಣ ಚಪ್ಪಲಿ ಬಿಟ್ಟವನೇ ಅದರ ಎದುರು ಕುಕ್ಕುರುಗಾಲಲ್ಲಿ ಕೂತು ಆ ಬಳೆಯನ್ನು ಮುಟ್ಟಿದ. ಈ ಪಟ್ಟಿ ಎಲ್ಲಿಂದ ಬಂತು ಎಂದು ಕೇಳಿದ. ಹಳೇದು ಎಂದಳು ಅಮ್ಮ.

"ಬಸ್ ಕಂಡಕ್ಟರ್ ಚೀಲದ್ದು ಅಂತ ಒಬ್ಬರು ಹೇಳಿದ್ರು."

ಅಮ್ಮ ಹಿಡಿದ ಅಂಚನ್ನು ಕೊನೆಯವರೆಗೆ ಹೊಲಿದಳು. ದಾರವನ್ನು ಹಲ್ಲಿನಿಂದ ಕಡಿದಳು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅವನು ಬದುಕಿದ್ದಾನಾ ಎಂದಳು. ಈ ಸಲ ಸುಳ್ಳು ಹೇಳುವ ಯೋಚನೆ ಅವಳಿಗೆ ಬಂದಂತೆಯೇ ಕಾಣಲಿಲ್ಲ, ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಅದನ್ನು ಯಾರಾದರೂ ಬಂದು ತೆಗೆಯಲಿ ಎಂದೇ ಕಾಯುತ್ತಿದ್ದ ಹಾಗಿತ್ತು.

ಮದುವೆಗೆ ಮುಂಚೆಯೇ ಅವಳು ಹೊಲಿಗೆ ಕಲಿತಿದ್ದಳು. ಯಂತ್ರ ತವರಿನಿಂದ ತಂದದ್ದು. ಹೊರಗಿನವರಿಗೆ ಹೊಲಿದುಕೊಡುವುದು ಮನೆಗೆ ಅವಮಾನ ಎಂದು ಅತ್ತೆ ಅದನ್ನು ಅಟ್ಟದ ಮೇಲೆ ಹಾಕಿಸಿದ್ದಳು. ಗಂಡ ಹೊಡೆದವನಲ್ಲ, ಬೈದವನೂ ಅಲ್ಲ. ತಾಯಿಯ ಮಾತಿಗೂ ಹೂಂ, ಹೆಂಡತಿಯ ಮಾತಿಗೂ ಹೂಂ. ಆ ಹೂಂಗಳ ನಡುವೆ ಅವಳಿಗೆ ಉಸಿರುಕಟ್ಟಿತು. ಜಂಕ್ಷನ್ನಿನಲ್ಲಿ ಜೊತೆಗೆ ಹೊಲಿಗೆ ಕಲಿತ ಗೆಳತಿಯೊಬ್ಬಳು ಅಂಗಡಿ ಇಟ್ಟಿದ್ದಳು, ಬಾ ಎಂದಿದ್ದಳು. ಮನೆಯ ಹತ್ತಿರದ ನಿಲ್ದಾಣದಲ್ಲಿ ಹತ್ತಿದರೆ ಗುರುತಿನವರು ಮಾತಾಡಿಸುತ್ತಾರೆ. ಅದಕ್ಕೇ ನಿಲ್ದಾಣ ದಾಟಿ, ತಿರುವಿನವರೆಗೆ ಆ ಭಾರ ಹೊತ್ತು ನಡೆದಿದ್ದಳು.

"ನಾನು?" ಎಂದ ಬೋರ್ಡಣ್ಣ.

"ನೀನು ನಿಮ್ಮಜ್ಜಿ ಪಕ್ಕ ಮಲಗಿದ್ದೆ."

"ಆಮೇಲೆ ಕರೆಸ್ಕೋತಿದ್ದೆ, ಅಲ್ವಾ?"

ಅಮ್ಮ ಅವನ ಮುಖವನ್ನೇ ನೋಡಿದಳು. "ಹೌದು ಅಂದ್ರೆ ನಿನಗೆ ಸಮಾಧಾನ ಆಗುತ್ತೆ. ಆದ್ರೆ ಅವತ್ತು ನಾನು ಅಷ್ಟು ದೂರ ಯೋಚನೆ ಮಾಡಿರಲಿಲ್ಲ ಕಣೋ. ಹೋಗ್ಬೇಕು ಅನ್ನೋದಷ್ಟೇ ತಲೇಲಿತ್ತು."

ಚರಿತ್ರೆಯಲ್ಲಿ ನಿಜ ಬೇಕು, ನಿಜ ಬೇಕು ಎಂದು ಊರೂರು ಅಲೆದವನು ಅವನೇ. ಈಗ ನಿಜ ಎದುರಿಗೆ ಬಂದು ಕೂತಾಗ, ಅಮ್ಮ ಒಂದು ಸುಳ್ಳು ಹೇಳಿದ್ದರೆ ಏನಾಗುತ್ತಿತ್ತು ಎನ್ನಿಸಿತು. ಅವನಿಗೆ ನೋವಾಯಿತು. ನಡುವಯಸ್ಸು ದಾಟಿದ, ತಲೆ ಬೆಳ್ಳಗಾದ ಗಂಡಸಿಗೆ, ಎರಡು ವರ್ಷದ ಮಗುವಿಗೆ ಆಗಬಹುದಾಗಿದ್ದ ನೋವು ಆಯಿತು. ಆ ಹೆಂಗಸಿನ ಹೆಸರು ತಿಳಿಯಬೇಕೆಂದು ಅವನು ಪಟ್ಟ ಪಾಡೆಲ್ಲ ಈಗ ಅವನನ್ನೇ ಅಣಕಿಸಿತು. ಎದ್ದು ಹೊರಗೆ ಹೋದ. ಆಮೇಲಿನ ದಿನಗಳಲ್ಲಿ ಅಮ್ಮನ ಜೊತೆ ಬೇಕಾದಷ್ಟೇ ಮಾತಾಡಿದ. ಶಾಲೆಯ ಮುಂದಿನ ಬೋರ್ಡಿನಲ್ಲಿ ಮುಂದೆ ಇಳಿಜಾರಿದೆ ಎಂದು ಬರೆದುಬಂದ. ಮುಖ್ಯೋಪಾಧ್ಯಾಯರು ಫೋನ್ ಮಾಡಿ, ನಮ್ಮ ಶಾಲೆಯ ಬಗ್ಗೆ ನಿಮ್ಮ ಅಭಿಪ್ರಾಯ ಇದೇನಾ ಎಂದು ಕೇಳಿದಾಗಲೇ ಅವನಿಗೆ ಗೊತ್ತಾದದ್ದು. ಹೆಂಡತಿ ಏನಾಯಿತೆಂದು ಕೇಳಿದಳು, ಹೇಳಲಿಲ್ಲ. ಅವಳು ಎರಡನೆಯ ಸಲ ಕೇಳಲಿಲ್ಲ, ಆದರೆ ಅತ್ತೆಯ ಊಟದ ತಟ್ಟೆಯನ್ನು ತಾನು ಒಯ್ಯದೆ ಇವನ ಕೈಗೇ ಕೊಡತೊಡಗಿದಳು.

ಕಲ್ಲು ಕೆತ್ತುವವನಿಗೆ ಬರಹ ಕೊಡಬೇಕಾದ ದಿನ ಹತ್ತಿರ ಬಂತು. ಹೆಸರು ಹೇಳಬೇಕು, ಇಲ್ಲವಾದರೆ ಬಂಕಿನವರ ಅಜ್ಜಿ ಕಲ್ಲಿನ ಮೇಲೆ ಮಲಗುತ್ತಾಳೆ. ಬೋರ್ಡಣ್ಣ ತಟ್ಟೆ ಹಿಡಿದುಕೊಂಡು ಹೋಗಿ ಅಮ್ಮನ ಎದುರಿಗಿಟ್ಟ. ಅಲ್ಲೇ ಕೂತ. ನಿನ್ನ ಹೆಸರು ಹಾಕಿಸಲಾ ಎಂದು ಕೇಳಿದ. ಬೇಡ ಎಂದಳು ಅಮ್ಮ. ಆ ಬಂಕಿನವನ ಅಜ್ಜಿಯದೇ ಹಾಕಿಸು, ಪಾಪ ಅವಳಿಗೆ ಆಸೆಯಿತ್ತು ಎಂದಳು. ತನ್ನ ಹೆಸರಿರುವ ಕಲ್ಲಿನ ಮುಂದೆ ತಾನು ತಲೆಯೆತ್ತಿ ನಿಲ್ಲಲಾರೆ, ಯಾರನ್ನೂ ಉಳಿಸಲು ತಾನು ಹೋಗಿರಲಿಲ್ಲ ಎಂದಳು.

ಅವನಿಗೆ ಕೇಳಬೇಕಾಗಿದ್ದದ್ದು ಅದಲ್ಲ. ಕೇಳಬೇಕಾದದ್ದು ಕೊನೆಗೂ ಹೊರಬಂತು.

"ಬಸ್ಸು ಸುತ್ತು ದಾರೀಲಿ ಹೋಗ್ತಿತ್ತಂತೆ. ಬಾ ಅಂತ ಕರೆದ್ರಂತೆ. ನೀನು ಯಾಕೆ ಹೋಗಲಿಲ್ಲ?"

ಅಮ್ಮ ತುತ್ತನ್ನು ತಟ್ಟೆಗೇ ಹಾಕಿದಳು. ನಾನೂ ಅದನ್ನು ಎಷ್ಟೋ ಸಲ ಕೇಳಿಕೊಂಡಿದ್ದೇನೆ ಎಂದಳು. ಬಸ್ಸಿನಲ್ಲಿದ್ದ ಒಬ್ಬ ಮುದುಕಿ ಅವಳ ಎರಡೂ ಕೈ ಹಿಡಿದುಕೊಂಡು ಬಿಟ್ಟಿರಲೇ ಇಲ್ಲವಂತೆ. ಒಬ್ಬ ಗಂಡಸು ಅಳುತ್ತಿದ್ದನಂತೆ. ಅವಳಿಗೆ ಒಂದೇ ಒಂದು ಮಾತು ಕೇಳಿಸುತ್ತಿತ್ತಂತೆ.

"ಎಲ್ಲರೂ ನನ್ನನ್ನ ಒಳ್ಳೆಯವಳು ಅಂದ್ರು ಕಣೋ. ನಮ್ಮನೇಲಿ ಯಾರೂ ಯಾವತ್ತೂ ಅಂದಿರಲಿಲ್ಲ. ಅಷ್ಟು ಜನ ಒಟ್ಟಿಗೆ ಅಂದುಬಿಟ್ಟ ಮೇಲೆ, ಮಲಗಿರೋ ಮಗೂನ ಬಿಟ್ಟು ಹೇಗೆ ಹೋಗೋದು?"

ಅವಳು ಮನೆಗೆ ಬಂದಾಗ ಅತ್ತೆ ಎದ್ದಿದ್ದಳು. ಕೆಸರಾದ ಚಪ್ಪಲಿಯನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ಅದಕ್ಕಿದ್ದ ಹೊಸ ಹಿಡಿಯನ್ನೂ ನೋಡಿದಳು. ಮುಂದಿನ ಕೋಣೆಯ ಮೇಜನ್ನು ಕಿಟಕಿಯ ಹತ್ತಿರ ಬೆಳಕಿಗೆ ಎಳೆದಳು, ಮೇಲಿದ್ದ ಸಾಮಾನು ತೆಗೆದಳು, ಇಲ್ಲಿಡು ಎಂದಳು. ಆ ಅಜ್ಜಿಯನ್ನು ಬೋರ್ಡಣ್ಣ ಗದರುವ ಬಾಯಿಯ ಹೆಂಗಸೆಂದೇ ನೆನಪಿಟ್ಟುಕೊಂಡಿದ್ದ. ಅವಳ ಬಗ್ಗೆ ತನಗೇನೂ ಗೊತ್ತಿರಲಿಲ್ಲ ಎಂದು ಅವನಿಗೆ ಆಗ ಅನ್ನಿಸಿತು.

ಮರುದಿನ ಅವನು ಎಂಜಿನಿಯರಮ್ಮನ ಕೋಣೆಗೆ ಹೋದ. ಬಂಕಿನ ಮಾಲೀಕರೂ ಅಲ್ಲಿದ್ದರು. ಬಸ್ಸಿನ ಕಂಡಕ್ಟರ್ ಬದುಕಿದ್ದಾರೆ, ಬಸ್ಸಿನ ಮುಂದೆ ಯಾರೂ ಮಲಗಿರಲಿಲ್ಲ ಎಂದು ಅವರೇ ಹೇಳಿದರು ಎಂದ. ಮಾಲೀಕರ ಮುಖ ಸಪ್ಪಗಾಯಿತು. ಹಾಗಾದರೆ ಯಾರು ಎಂದು ಕೇಳಿದರು. ಹೆಸರು ಹೇಳುವ ಹಕ್ಕು ತನಗಿಲ್ಲ ಎಂದ ಬೋರ್ಡಣ್ಣ. ಹೆಸರಿಲ್ಲದೆ ಬರೆಯೋಣ, ಆಗ ಈ ರಸ್ತೆಯ ಎಲ್ಲ ಮನೆಯ ಅಜ್ಜಿಯರಿಗೂ ಅಲ್ಲಿ ಜಾಗವಿರುತ್ತದೆ, ನಿಮ್ಮ ಅಜ್ಜಿಗೂ ಕೂಡ ಎಂದ. ಮಾಲೀಕರು ಕಿಟಕಿಯ ಕಡೆ ನೋಡುತ್ತ, ಅಜ್ಜಿ ಕಥೆ ಹೇಳುವಾಗ ತುಂಬಾ ಚೆನ್ನಾಗಿ ಹೇಳುತ್ತಿದ್ದರು ಎಂದರು. ಕಲ್ಲಿನ ಖರ್ಚು ತಮ್ಮದೇ ಇರಲಿ ಎಂದರು.

ಬೋರ್ಡಣ್ಣ ಬರೆದುಕೊಂಡು ಹೋಗಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟ. ಓಡಿಬಂದದ್ದೂ ಕೆಂಪು ಬಟ್ಟೆಯೂ ಅದರಲ್ಲಿರಲಿಲ್ಲ. ಪ್ರವಾಹದಲ್ಲಿ ಸೇತುವೆ ಕೊಚ್ಚಿಹೋದ ಮುಂಜಾನೆ, ಈ ಜಾಗದಲ್ಲಿ, ಒಬ್ಬ ಹೆಂಗಸು ಅಡ್ಡ ನಿಂತು ಬಸ್ಸು ನಿಲ್ಲಿಸಿದಳು. ಬಸ್ಸಿನಲ್ಲಿದ್ದವರೆಲ್ಲ ಬದುಕಿದರು. ಅವಳು ಮನೆಗೆ ಹಿಂತಿರುಗಿದಳು.

ಎಂಜಿನಿಯರಮ್ಮ ಎರಡು ಸಲ ಓದಿದಳು. ಕೊನೆಯ ಸಾಲಿನ ಮೇಲೆ ಪೆನ್ನು ಇಟ್ಟಳು. ಇದು ಬೇಕೇ, ಕಲ್ಲಿನಲ್ಲಿ ಜಾಗ ಕಡಿಮೆ ಎಂದಳು.

"ಬೇರೆ ಏನಾದ್ರೂ ತೆಗೀರಿ, ಮೇಡಂ. ಅದಿರಲಿ."

ಅವಳು ಅವನ ಮುಖ ನೋಡಿದಳು. ಕಲ್ಲಿನ ಕೆಳಭಾಗದಲ್ಲಿ ಕೆತ್ತಬೇಕಾಗಿದ್ದ ಇಲಾಖೆಯ ದೊಡ್ಡವರ ಹೆಸರುಗಳ ಸಾಲೊಂದಿತ್ತು, ಅದರಲ್ಲಿ ಅವಳದೂ ಇತ್ತು. ಪೆನ್ನನ್ನು ಅಲ್ಲಿಗೆ ಒಯ್ದು ಅಷ್ಟನ್ನೂ ಹೊಡೆದುಹಾಕಿದಳು.

ಕಲ್ಲು ನೆಟ್ಟದ್ದು ಮೋಡ ಮುಚ್ಚಿದ ಒಂದು ಮಧ್ಯಾಹ್ನ. ಹಳೆಯ ತಗಡನ್ನು ಬೋರ್ಡಣ್ಣನೇ ಬಿಚ್ಚಿದ. ಸಂಜೆ ಮನೆಗೆ ಬಂದಾಗ ಅಮ್ಮ ಯಂತ್ರದ ಮುಂದೆ ಇದ್ದಳು. ಏನು ಕೆತ್ತಿದ್ದಾರೆ ಎಂದು ಕೇಳಿದಳು, ಬೇರೆ ಯಾರದೋ ವಿಷಯ ಕೇಳುವವಳ ಹಾಗೆ. ಅವನು ಪಕ್ಕದಲ್ಲಿ ನಿಂತು ಇಡೀ ಬರಹವನ್ನು ನಿಧಾನವಾಗಿ ಒಪ್ಪಿಸಿದ. ಅವಳು ಚಕ್ರ ತಿರುಗಿಸುತ್ತಲೇ ಕೇಳಿಸಿಕೊಂಡಳು.

"ಆ ಕೊನೇ ಸಾಲು ಯಾಕೆ ಹಾಕಿಸ್ದೆ? ಮನೆಗೆ ಬರೋದೇನು ದೊಡ್ಡ ವಿಷಯವಾ? ಎಲ್ಲರೂ ಬರ್ತಾರೆ."

"ಬಸ್ಸಲ್ಲಿದ್ದೋರಿಗೆ ಅದರ ಹಿಂದಿನ ಸಾಲು ದೊಡ್ಡದು, ಅಮ್ಮ. ನನಗೆ ಇದೇ ದೊಡ್ಡದು."

ಅಮ್ಮ ಇನ್ನೂ ನಾಲ್ಕು ಸುತ್ತು ಚಕ್ರ ತಿರುಗಿಸಿದಳು, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಹೊಲಿಗೆ ಸೊಟ್ಟಗಾಗಿತ್ತು. ಅವಳು ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು, ಆ ಸಾಲನ್ನು ಪೂರ್ತಿ ಬಿಚ್ಚಿ, ಮೊದಲಿನಿಂದ ಹೊಲಿಯತೊಡಗಿದಳು.